ಹುಳುವಿನದೋ, ಚಾಕುವಿನದೋ: ದುಂಡುಹುಳುವಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳಲ್ಲಿ ದೋಷ ಪತ್ತೆ

ಹುಳುವಿನ ಕ್ಯೂಟಿಕಲ್‌ನ, ಅಂದರೆ ಹೊರಗವಚದ, ಕೆಳಗೆ ಒಂದು ಬಿಳಿ ಪಟ್ಟಿ. ಅಗಲ ಸುಮಾರು 200 ನ್ಯಾನೋಮೀಟರ್. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಒಂದು ನೆಮಟೋಡ್‌ನ (ದುಂಡುಹುಳುವಿನ) ಅಡ್ಡ ಸೆಕ್ಷನ್, ಅಂದರೆ ಅಡ್ಡಕ್ಕೆ ಕೊಯ್ದ ತೆಳು ಹಾಳೆ ಅದು. ಅದರ ಹತ್ತಿರದ ಸಂಬಂಧಿಗಳ ಯಾವ ಚಿತ್ರದಲ್ಲೂ ಅಂಥ ಪಟ್ಟಿ ನಾನು ಕಂಡಿರಲಿಲ್ಲ. ಖುಷಿಯ ಭರದಲ್ಲಿ ಲಕ್ಷಣಗಳ ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸಿ, 'ಹೆಚ್ಚುವರಿ ಪದರ: ಇದೆ' ಎಂದು ತುಂಬಿಯೂ ಬಿಟ್ಟೆ. ಎರಡು ವಾರ ಕಳೆದು ಇನ್ನೊಂದು ಬ್ಲಾಕ್ (ಹುಳುವನ್ನು ರೆಸಿನ್ ಎಂಬ ಅಂಟಿನಲ್ಲಿ ಹುದುಗಿಸಿ ಗಟ್ಟಿಮಾಡಿದ ತುಂಡು) ಕತ್ತರಿಸಿದಾಗ ಪಟ್ಟಿ ಹುಳುವಿನ ಆಚೆ ಮಗ್ಗುಲಿಗೆ ಹೋಗಿತ್ತು. ಮೂರನೆಯದರಲ್ಲಿ ಬೆನ್ನಿಗೆ ಬಂದಿತ್ತು. ಎಲೆಕ್ಟ್ರಾನ್ ಬೀಮ್ ಸ್ವಲ್ಪ ಜೋರು ಮಾಡಿದರೆ ನೋಡುನೋಡುತ್ತಲೇ ಅಗಲವಾಗುತ್ತಿತ್ತು. ಅದು ಪದರವಲ್ಲ, ರೆಸಿನ್ ಇಳಿಯದೆ ಉಳಿದ ಪೊಳ್ಳು.

ಬೇರೆ ಪ್ರಾಣಿಗಳ ಅಂಗಾಂಶದಲ್ಲಿ ಇಂಥ ತಪ್ಪಾದರೆ ಚಿತ್ರ ಕೆಟ್ಟಿತು ಅಂತ ಬಿಸಾಡಬಹುದು. ನೆಮಟೋಡ್‌ಗಳಲ್ಲಿ ಹಾಗಲ್ಲ. ಹುಳುಗಳು ಹೊರನೋಟಕ್ಕೆ ಒಂದರಂತೆ ಇನ್ನೊಂದು. ಯಾವುದು ಯಾವುದರಿಂದ ಬಂತು ಎನ್ನುವ ವಾದ ಬಹಳಷ್ಟು ಸಲ ಒಂದು ಪದರ, ಒಂದು ಪೊರೆ, ಒಂದು ನರತುದಿಯ ಮೇಲೆ ನಿಂತಿರುತ್ತದೆ. ಹಾಗಾಗಿ ಕೆಟ್ಟ ಚಿತ್ರ ಇಲ್ಲಿ ಕೆಟ್ಟ ಚಿತ್ರವಾಗಿ ಉಳಿಯುವುದಿಲ್ಲ, ಹೊಸ ಲಕ್ಷಣದ ವೇಷ ಹಾಕಿಕೊಂಡು ಬರುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಮೂರು ಪರೀಕ್ಷೆ

ದುಂಡುಹುಳು ನಮಗೆ ಮಾಡಿರುವ ದೊಡ್ಡ ಉಪಕಾರ ಅದರ ಸಮಮಿತಿ. ಬಾಯಿಯ ಸುತ್ತ ಆರು ತುಟಿ. ಪ್ರಯೋಗಾಲಯಗಳ ಮಾದರಿ ಹುಳುವಾದ ಸಿ. ಎಲೆಗಾನ್ಸ್‌ನಲ್ಲಿ ಒಳ ತುಟಿಯ ಸಂವೇದಕಗಳು ಆರು, ಹೊರ ತುಟಿಯವು ಆರು, ತಲೆಯವು ನಾಲ್ಕು, ಎಡಕ್ಕೂ ಬಲಕ್ಕೂ ಒಂದೊಂದು ಆಂಫಿಡ್ ಎಂಬ ವಾಸನೆ-ರುಚಿಯ ಸಂವೇದಕ. ಫ್ಯಾರಿಂಕ್ಸ್‌ನಲ್ಲಿ (ಆಹಾರ ನುಂಗುವ ಗಂಟಲಿನಲ್ಲಿ) ಮೂರು ಪಾಲು: ಬೆನ್ನಿನ ಕಡೆ ಒಂದು, ಹೊಟ್ಟೆಯ ಇಕ್ಕೆಲದಲ್ಲಿ ಒಂದೊಂದು; ನಡುವಿನ ನಾಳಕ್ಕೆ ಮೂರು ಕವಲು. ಮೈಗೋಡೆಯ ಸ್ನಾಯು ನಾಲ್ಕು ಸಾಲು. ದೋಷಕ್ಕೆ ಈ ಲೆಕ್ಕ ಗೊತ್ತಿಲ್ಲ. ಚಾಕುವಿಗೆ ಅದರದೇ ದಿಕ್ಕು, ಮಂಜುಗಡ್ಡೆಗೆ ಅದರದೇ ದಾರಿ. ಅನುಮಾನ ಬಂದ ರಚನೆ ಒಂದು ತುಟಿಯಲ್ಲಿದ್ದರೆ ಉಳಿದ ಐದರಲ್ಲೂ ಹುಡುಕಿ. ಫ್ಯಾರಿಂಕ್ಸ್‌ನ ಒಂದು ಪಾಲಿನಲ್ಲಿದ್ದರೆ ಉಳಿದೆರಡರಲ್ಲಿ ನೋಡಿ.

ಇದಕ್ಕೆ ಅಪವಾದಗಳಿವೆ. ಕರುಳು, ಅಂಡಾಶಯ, ವಿಸರ್ಜನಾ ರಂಧ್ರ, ಹೊಟ್ಟೆಯ ನರಹುರಿ ಇವಾವುವೂ ಆರರ ಲೆಕ್ಕಕ್ಕೆ ಬರುವುದಿಲ್ಲ. ಪ್ರಿಸ್ಟಿಯಾಂಕಸ್ ಪೆಸಿಫಿಕಸ್ ಎಂಬ ಇನ್ನೊಂದು ನೆಮಟೋಡ್‌ನ ಅಗಲ ಬಾಯಿಯ ರೂಪದಲ್ಲಿ ಬೆನ್ನಿನ ಕಡೆ ಒಂದು ಕೊಕ್ಕೆಹಲ್ಲು, ಅದಕ್ಕೆದುರಾಗಿ ಬಲ ಹೊಟ್ಟೆಯ ಕಡೆ ಇನ್ನೊಂದು, ಎಡಗಡೆ ಅಂಥದಿಲ್ಲ. ಅದು ದೋಷವಲ್ಲ, ನಿಜವಾದ ಓರೆ. ಅಂಥ ಕಡೆ ಕೇಳಬೇಕಾದ್ದು ಬೇರೆ ಪ್ರಶ್ನೆ: ಇನ್ನೊಂದು ಹುಳುವಿನಲ್ಲೂ ಅದೇ ಮಗ್ಗುಲಲ್ಲಿದೆಯೇ? ನನ್ನ ಬಿಳಿ ಪಟ್ಟಿ ಈ ಪ್ರಶ್ನೆಯಲ್ಲೇ ಸೋತಿತ್ತು. ನಾನು ಕೇಳಿದ್ದು ತಡವಾಗಿ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಹುಳುವಿನ ಹೊರಗೆ ಖಾಲಿ ರೆಸಿನ್ ಇರುತ್ತದಲ್ಲ, ಅಲ್ಲಿಗೆ ಹೋಗಿ. ಕಪ್ಪು ಚುಕ್ಕೆ, ಗೆರೆ, ಸೂಜಿ ಅಲ್ಲೂ ಕಂಡರೆ ಅದು ಅಂಗರಚನೆಯಲ್ಲ. ಹೊಸಬರು ಹುಳುವನ್ನು ಫ್ರೇಮಿನ ತುಂಬ ಹಿಡಿದು ಚಿತ್ರ ತೆಗೆಯುತ್ತಾರೆ, ನೋಡಲು ಚೆಂದವೂ ಹೌದು, ಆದರೆ ಹೋಲಿಸಲು ಸಾಕ್ಷಿಯೇ ಉಳಿಯುವುದಿಲ್ಲ. ಪ್ರತಿ ಗ್ರಿಡ್‌ನಲ್ಲೂ (ಸೆಕ್ಷನ್ ಹೊರುವ ಪುಟ್ಟ ಲೋಹದ ಜಾಲರಿ) ಅಂಚಿನ ಖಾಲಿ ಜಾಗದ ಒಂದು ಚಿತ್ರ ತೆಗೆದಿಡಿ.

ಮೂರನೆಯದು ರಿಬ್ಬನ್‌ನ, ಅಂದರೆ ಕತ್ತರಿಸಿದಂತೆ ಸಾಲಾಗಿ ಬರುವ ಸೆಕ್ಷನ್‌ಗಳ ಪಟ್ಟಿಯ, ದಿಕ್ಕು. ಸೆಕ್ಷನ್‌ಗಳು ಒಂದಕ್ಕೊಂದು ಅಂಟಿಕೊಂಡಿರುವ ಅಂಚು ಚಾಕುವಿನ ಬಾಯಿಗೆ ಸಮಾನಾಂತರವಾಗಿರುತ್ತದೆ. ಕಡಿಮೆ ವರ್ಧನೆಯಲ್ಲಿ ಆ ಅಂಚು ಯಾವ ಕಡೆಗಿದೆ ಅಂತ ಮೊದಲೇ ಬರೆದುಕೊಂಡರೆ ಮುಂದೆ ಅರ್ಧ ತಲೆನೋವು ಕಡಿಮೆ.

ಕ್ಯೂಟಿಕಲ್ ಚೆಂದ, ಒಳಗೆಲ್ಲ ಗಂಜಿ

ಅತಿ ಹೆಚ್ಚು ಕಾಣುವ ತೊಂದರೆ ಇದು. ಹೊರಗಿನ ಪದರಗಳು ಸ್ಪಷ್ಟ. ಒಳಗೆ ಮೈಟೊಕಾಂಡ್ರಿಯಾ ಊದಿಕೊಂಡು ಒಳಮಡಿಕೆಗಳೇ ಇಲ್ಲ, ಪೊರೆಗಳು ಹರಿದಿವೆ, ಸೈಟೊಪ್ಲಾಸಂ ತೊಳೆದು ಹೋದಂತಿದೆ.

ಕಾರಣ ಕ್ಯೂಟಿಕಲ್ಲೇ. ಕೊಲಾಜೆನ್ ಹೆಣೆದು ಬಿಗಿದ, ಮೇಲ್ಮೈಯಲ್ಲಿ ಜಿಡ್ಡಿರುವ ಕೋಟೆ ಅದು. ಅಂಗಾಂಶವನ್ನು ಇದ್ದಂತೆಯೇ ಹಿಡಿದಿಡುವ (ಫಿಕ್ಸ್ ಮಾಡುವ) ಗ್ಲುಟರಾಲ್ಡಿಹೈಡ್ ಹನಿಗೆ ಬಿಟ್ಟ ಹುಳುವನ್ನು ಡಿಸೆಕ್ಟಿಂಗ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ: ಏನೂ ಆಗಿಲ್ಲವೆಂಬಂತೆ ಎಸ್ ಆಕಾರದಲ್ಲಿ ಬಳುಕುತ್ತಲೇ ಇರುತ್ತದೆ, ಆಮೇಲೆ ನಿಧಾನಕ್ಕೆ ತಲೆಯೊಂದೇ ಅಲ್ಲಾಡುತ್ತದೆ, ಬಹಳ ಹೊತ್ತಾದ ಮೇಲೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಒಳಗಿನ ಜೀವಕೋಶಗಳು ಸಾಯುತ್ತಿವೆ, ಫಿಕ್ಸ್ ಆಗುತ್ತಿಲ್ಲ. ಆಹಾರವಿಲ್ಲದಾಗ ಬೆಳವಣಿಗೆ ತಡೆದು ಬದುಕುವ ಡೌವರ್ ಮರಿಯ ಬಾಯಿ ಮುಚ್ಚಿರುತ್ತದೆ, ಕ್ಯೂಟಿಕಲ್ ಬೇರೆ ದಪ್ಪ. ಅದು ಇನ್ನೂ ಹಟಮಾರಿ. ಚಿಪ್ಪಿನೊಳಗಿನ ಮೊಟ್ಟೆಯ ಮಾತಂತೂ ಬೇಡ.

ಉಪಾಯ: ಫಿಕ್ಸೇಟಿವ್ ಹನಿಯೊಳಗೇ ಹುಳುವನ್ನು ಸೂಜಿ ಅಥವಾ ಸಣ್ಣ ಬ್ಲೇಡಿನಿಂದ ಕತ್ತರಿಸಿ. ಎಲ್ಲಿ ಕತ್ತರಿಸಬೇಕು ಎನ್ನುವುದರಲ್ಲಿ ಕೈಚಳಕವಿದೆ. ಹುಳುವಿನೊಳಗೆ ಒತ್ತಡವಿರುತ್ತದೆ, ಕೊಯ್ದ ತಕ್ಷಣ ಕರುಳು ಹೊರಗೆ ಚಿಮ್ಮುತ್ತದೆ, ಅದರ ಜೊತೆ ಅಕ್ಕಪಕ್ಕದ್ದೂ ಸರಿಯುತ್ತದೆ. ತಲೆಯ ಅಧ್ಯಯನವಾದರೆ ಫ್ಯಾರಿಂಕ್ಸ್ ಮುಗಿದು ಸ್ವಲ್ಪ ಹಿಂದೆ ಕೊಯ್ಯಿರಿ. ತೀರಾ ಹತ್ತಿರ ಕೊಯ್ದರೆ ಬೇಕಾದ ಜಾಗವೇ ಹಾಳು, ತೀರಾ ದೂರ ಕೊಯ್ದರೆ ದ್ರವ ಮೂತಿಯವರೆಗೆ ಹೋಗುವುದು ತಡ. ಚಿತ್ರದಲ್ಲಿ ಹಾಳಾದ ಭಾಗ ಕೊಯ್ತದ ಬಳಿ ಹೆಚ್ಚಿದ್ದು ಮುಂದೆ ಹೋದಂತೆ ಸುಧಾರಿಸಿದರೆ ತಪ್ಪು ಕೊಯ್ತದ್ದು. ಕೊಯ್ತದ ಬಳಿ ಚೆನ್ನಾಗಿದ್ದು ದೂರ ಹೋದಂತೆ ಕೆಟ್ಟರೆ ಫಿಕ್ಸೇಟಿವ್ ತಲುಪಿಲ್ಲ. ಈ ಒಂದು ಏರಿಳಿತ ನೋಡಿದರೆ ಸಾಕು, ಮತ್ತೆ ಊಹೆ ಬೇಡ.

ಕತ್ತರಿಸುವುದೇ ಬೇಡ ಎನ್ನುವವರು ತಣ್ಣಗಿನ 1% ಆಸ್ಮಿಯಂ ಟೆಟ್ರಾಕ್ಸೈಡನ್ನೇ ಮೊದಲು ಹಾಕುತ್ತಾರೆ. ಪೊರೆಗಳು ಗೆರೆ ಎಳೆದಂತೆ ಕಾಣುತ್ತವೆ, ನರಗಳ ಜಾಡು ಹಿಡಿಯಲು ಒಳ್ಳೆಯದು; ಆದರೆ ಮೈಕ್ರೋಟ್ಯೂಬ್ಯೂಲ್‌ನಂಥ (ಕೋಶದೊಳಗಿನ ಸಣ್ಣ ಕೊಳವೆಗಳು) ಪ್ರೋಟೀನ್ ರಚನೆಗಳು ತಕ್ಕಮಟ್ಟಿಗೆ ಕರಗಿ ಹೋಗುತ್ತವೆ. ಅಂಥ ಚಿತ್ರ ನೋಡಿ 'ಈ ಪ್ರಭೇದದ ನರಗಳಲ್ಲಿ ಮೈಕ್ರೋಟ್ಯೂಬ್ಯೂಲ್ ಕಡಿಮೆ' ಎಂದು ಬರೆಯಬೇಡಿ. ಆಸ್ಮಿಯಂ ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲೇ ಆಗಬೇಕು. ಅದರ ಆವಿ ಹುಳುವಿನ ಪೊರೆಯನ್ನು ಹೇಗೆ ಫಿಕ್ಸ್ ಮಾಡುತ್ತದೋ ನಿಮ್ಮ ಕಣ್ಣಿನ ಕಾರ್ನಿಯಾವನ್ನೂ ಹಾಗೆಯೇ ಮಾಡುತ್ತದೆ.

ಒಳಗಿನದೆಲ್ಲ ಊದುವ ಬದಲು ಸುರುಟಿಕೊಂಡು, ಪೊರೆಗಳು ಗರಗಸದ ಹಲ್ಲಿನಂತಾಗಿ, ಜೀವಕೋಶಗಳ ನಡುವೆ ಸಂದು ಬಿದ್ದಿದ್ದರೆ ಬಫರ್ (ಫಿಕ್ಸೇಟಿವ್ ಬೆರೆಸುವ ಲವಣ ದ್ರಾವಣ) ಗಟ್ಟಿಯಾಗಿದೆ. ಸಾಂದ್ರತೆ ಇಳಿಸಿ. ಇದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ.

ಬಲೆಯಂತಾದ ನ್ಯೂಕ್ಲಿಯಸ್

ಹೈ ಪ್ರೆಷರ್ ಫ್ರೀಜಿಂಗ್ ಬಂದ ಮೇಲೆ ಕ್ಯೂಟಿಕಲ್‌ನ ಕಾಟ ತಪ್ಪಿತು: ಸುಮಾರು 2100 ಬಾರ್ ಒತ್ತಡದಲ್ಲಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಇಡೀ ಹುಳು ಹೆಪ್ಪುಗಟ್ಟುತ್ತದೆ, ಯಾವ ದ್ರವವೂ ಒಳಗೆ ನುಗ್ಗಬೇಕಿಲ್ಲ. ಬದಲಿಗೆ ಮಂಜುಗಡ್ಡೆಯ ಕಾಟ ಶುರುವಾಯಿತು. ನೀರು ಹರಳುಗಟ್ಟಿದರೆ ನ್ಯೂಕ್ಲಿಯಸ್ ಒಳಗಿನದು ನಯವಾದ ಹರಳುಹಿಟ್ಟಿನಂತೆ ಕಾಣುವ ಬದಲು ಮೀನಿನ ಬಲೆಯಂತೆ ಕಾಣುತ್ತದೆ. ಸೈಟೊಪ್ಲಾಸಂಗಿಂತ ಮೊದಲು ನ್ಯೂಕ್ಲಿಯಸ್ ನೋಡಿ, ಸುಳ್ಳು ಹೇಳದ ಜಾಗ ಅದು.

ಈ ವಿಧಾನದಲ್ಲಿ ಸುಮಾರು 200 ಮೈಕ್ರೋಮೀಟರ್ ದಪ್ಪದವರೆಗೆ ಚೆನ್ನಾಗಿ ಹೆಪ್ಪುಗಟ್ಟಿಸಬಹುದು. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗಾನ್ಸ್ 100 ಮೈಕ್ರೋಮೀಟರ್ ಆಳದ ಕ್ಯಾರಿಯರ್‌ನಲ್ಲೇ (ಹುಳು ತುಂಬುವ ಪುಟ್ಟ ಲೋಹದ ಬಟ್ಟಲು) ಆರಾಮಾಗಿ ಕೂರುತ್ತದೆ. ಅಂದರೆ ತೊಂದರೆ ಬಹಳಷ್ಟು ಸಲ ಹುಳುವಿನದಲ್ಲ, ಅದರ ಸುತ್ತಲಿನ ನೀರಿನದು. ಬರೀ ಬಫರ್ ತುಂಬಿದರೆ ಕೆಟ್ಟಂತೆ. ಇ. ಕೋಲೈ ಬ್ಯಾಕ್ಟೀರಿಯಾದ ಗಟ್ಟಿ ಪೇಸ್ಟ್ ಇಲ್ಲವೇ 20% ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ತುಂಬಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ.

ಈಗ ಕಷ್ಟದ ಪ್ರಶ್ನೆ. ಹರಳು ಫ್ರೀಜ್ ಮಾಡುವಾಗಲೇ ಬಂತೋ, ಆಮೇಲೆ ಕೈತಪ್ಪಿನಿಂದ ಬಂತೋ? ಹುಳುವಿನ ಹೊರವಲಯ ಚೆನ್ನಾಗಿದ್ದು ನಡುಭಾಗ ಬಲೆಯಾಗಿದ್ದರೆ ಶಾಖ ಬೇಗ ಹೊರಹೋಗಿಲ್ಲ, ತಪ್ಪು ಫ್ರೀಜಿಂಗ್‌ನದು. ಒಂದು ಕ್ಯಾರಿಯರ್‌ನ ಹುಳುಗಳೆಲ್ಲ ಕೆಟ್ಟು ಪಕ್ಕದ ಕ್ಯಾರಿಯರ್ ಸರಿಯಿದ್ದರೆ ಗಾಳಿಗುಳ್ಳೆಯನ್ನು ಅನುಮಾನಿಸಿ. ಆ ದಿನದ್ದೆಲ್ಲ ತುದಿಯಿಂದ ನಡುವಿನವರೆಗೆ ಒಂದೇ ಸಮನೆ ಕೆಟ್ಟಿದ್ದರೆ ಫ್ರೀಜ್ ಸಬ್‌ಸ್ಟಿಟ್ಯೂಷನ್‌ಗೆ (ಕೊರೆಯುವ ಚಳಿಯಲ್ಲೇ ಮಂಜಿನ ಜಾಗಕ್ಕೆ ಅಸಿಟೋನ್ ತುಂಬುವ ಹಂತ) ಸಾಗಿಸುವಾಗ ಬೆಚ್ಚಗಾಗಿದೆ. ನನ್ನ ಅನುಭವದಲ್ಲಿ ಅಪರಾಧಿ ಸಾಮಾನ್ಯವಾಗಿ ಇಕ್ಕಳ: ದ್ರವ ಸಾರಜನಕದಲ್ಲಿ ಅದ್ದಿ ತಣಿಸದೆ ಅದರಿಂದ ಕ್ಯಾರಿಯರ್ ಎತ್ತಿರುತ್ತಾರೆ. ಕೇಳಿದರೆ 'ಒಂದೇ ಕ್ಷಣ ಮುಟ್ಟಿದ್ದು' ಅನ್ನುತ್ತಾರೆ.

ಮೈನಸ್ 90 ಡಿಗ್ರಿಯಲ್ಲಿ ಆಸ್ಮಿಯಂ ಬೆರೆಸಿದ ಅಸಿಟೋನ್‌ನಲ್ಲಿ ಕೆಲವು ದಿನ ಇಟ್ಟ ಮೇಲೂ ಪೊರೆಗಳು ಕಪ್ಪಾಗಿ ಕಾಣದೆ ಬಿಳಿ ನೆರಳಿನಂತೆ ಉಳಿದರೆ ಗಾಬರಿ ಬೇಡ, ಹುಳು ಕೆಟ್ಟಿಲ್ಲ. ಮುಂದಿನ ಸಲ ಅಸಿಟೋನ್‌ಗೆ ಶೇಕಡಾ ಒಂದರಿಂದ ಐದರಷ್ಟು ನೀರು ಸೇರಿಸಿ ನೋಡಿ. ಒಣಗಿಸುವ ದ್ರವಕ್ಕೆ ನೀರು ಸೇರಿಸುವುದು ಉಲ್ಟಾ ಅನ್ನಿಸುತ್ತದೆ, ಆದರೆ ಪೊರೆ ಎದ್ದು ಕಾಣುತ್ತದೆ.

ಪೊಳ್ಳು, ಹರಿದ ಅಂಚು, ಕಿತ್ತುಹೋದ ಸ್ಟೈಲೆಟ್

ರೆಸಿನ್ ಇಳಿಯದಿದ್ದರೆ ಕ್ಯೂಟಿಕಲ್ ತನ್ನ ಕೆಳಗಿನ ಪದರದಿಂದ ಬಿಡುತ್ತದೆ, ಇಲ್ಲವೇ ಇಡೀ ಹುಳುವೇ ಸೆಕ್ಷನ್‌ನಿಂದ ಬಿದ್ದು ದುಂಡನೆಯ ತೂತು ಉಳಿಯುತ್ತದೆ. ಗುರುತು ಹೇಳಿದೆನಲ್ಲ: ಪೊಳ್ಳಿನೊಳಗೆ ಏನೂ ಇರುವುದಿಲ್ಲ, ಅಂಚು ಹರಕು, ಬೀಮ್ ಬಿದ್ದರೆ ಹಿಗ್ಗುತ್ತದೆ. ನಿಜವಾದ ತಿಳಿ ಪದರವಾದರೆ, ಉದಾಹರಣೆಗೆ ಸಿ. ಎಲೆಗಾನ್ಸ್ ವಯಸ್ಕ ಹುಳುವಿನ ಕ್ಯೂಟಿಕಲ್‌ನ ನಡುವಿನ ದ್ರವ ತುಂಬಿದ ಪದರ, ಅದರೊಳಗೆ ಮೇಲು ಕೆಳಗನ್ನು ಹಿಡಿದು ನಿಲ್ಲಿಸುವ ಕಂಬಗಳು ಕಾಣುತ್ತವೆ. ನಾನು ಆ ಕಂಬಗಳನ್ನು ಹುಡುಕಿದ್ದರೆ ಎರಡು ವಾರ ಉಳಿಯುತ್ತಿತ್ತು.

ಪರಿಹಾರ ತಾಳ್ಮೆ ಮಾತ್ರ. ಮೊದಲು ಮೂರು ಪಾಲು ಅಸಿಟೋನ್‌ಗೆ ಒಂದು ಪಾಲು ರೆಸಿನ್, ಆಮೇಲೆ ಸಮಸಮ, ಆಮೇಲೆ ಒಂದಕ್ಕೆ ಮೂರು, ಕೊನೆಗೆ ಎರಡು ಮೂರು ಸಲ ಹೊಸ ರೆಸಿನ್. ಕತ್ತರಿಸದ ಹುಳುವಿಗೆ ಪ್ರತಿ ಹಂತಕ್ಕೂ ಒಂದೊಂದು ದಿನ ಕೊಡಿ. ತೆಳ್ಳಗಿನ ಸ್ಪರ್ ರೆಸಿನ್ ಎಪಾನ್‌ಗಿಂತ ಸಲೀಸಾಗಿ ಇಳಿಯುತ್ತದೆ. ಅಲ್ಟ್ರಾಥಿನ್ (ಅತಿ ತೆಳು) ಸೆಕ್ಷನ್‌ಗೆ ಕೈಹಾಕುವ ಮೊದಲು ಒಂದು ಮೈಕ್ರೋಮೀಟರ್ ದಪ್ಪದ ಸೆಕ್ಷನ್ ತೆಗೆದು ಟೊಲ್ಯುಡೀನ್ ಬ್ಲೂ ಹಾಕಿ ಸಾಧಾರಣ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಐದು ನಿಮಿಷದ ಕೆಲಸ, ಪೊಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಗಿಡದ ಬೇರು ತಿನ್ನುವ ಹುಳುಗಳಲ್ಲಿ ಇನ್ನೊಂದು ಸಂಕಟ. ಅವುಗಳ ಬಾಯಿಯ ಸೂಜಿ, ಅಂದರೆ ಸ್ಟೈಲೆಟ್, ಸುತ್ತಲಿನ ಅಂಗಾಂಶಕ್ಕಿಂತ ಬಹಳ ಗಟ್ಟಿ. ಚಾಕು ಅದಕ್ಕೆ ಬಡಿದು ಕಿತ್ತೆಳೆದರೆ ಸುತ್ತಲಿನ ಕೋಶಗಳೂ ಹರಿಯುತ್ತವೆ. ಆದರೆ ವಿಕಾಸದ ಕಥೆ ಇರುವುದು ಆ ಕೋಶಗಳಲ್ಲೇ. ಗಿಡಗಳ ಮೇಲೆ ಪರಾವಲಂಬಿಯಾಗಿ ಬದುಕುವುದು ನೆಮಟೋಡ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬೇರೆಬೇರೆಯಾಗಿ ಹುಟ್ಟಿಕೊಂಡಿತು. ಟೈಲೆಂಕಿಡ್ ಗುಂಪಿನ ಹುಳುಗಳ ಸೂಜಿ ಬಾಯಿಕುಳಿಯ ಒಳಪದರದಿಂದ ಆದದ್ದು, ಡೋರಿಲೈಮಿಡ್ ಗುಂಪಿನದು ಫ್ಯಾರಿಂಕ್ಸ್ ಗೋಡೆಯ ಒಂದು ಕೋಶದಲ್ಲಿ ತಯಾರಾಗುವಂಥದ್ದು. ನೋಡಲು ಎರಡೂ ಸೂಜಿಯೇ. ಯಾವ ಕೋಶ ಯಾವ ಭಾಗವನ್ನು ಸ್ರವಿಸಿತು ಎಂದು ಸರಣಿ ಸೆಕ್ಷನ್‌ನಲ್ಲಿ ಹಿಂಬಾಲಿಸಿದರೆ ಮಾತ್ರ ಮೂಲ ತಿಳಿಯುತ್ತದೆ. ಹಾಗಾಗಿ ಸ್ಟೈಲೆಟ್ ಸಿಗುವ ಜಾಗಕ್ಕೆ ಬಂದಾಗ ಡೈಮಂಡ್ ನೈಫ್‌ನ ಹೊಸ ಭಾಗಕ್ಕೆ ಸರಿಯಿರಿ, ವೇಗ ಇಳಿಸಿ.

ಗೆರೆ, ಅಲೆ, ಮೊಟ್ಟೆಯಾಕಾರ

ರಿಬ್ಬನ್‌ನ ದಿಕ್ಕು ಬರೆದಿಟ್ಟುಕೊಂಡಿದ್ದೀರಿ ತಾನೆ? ಸೆಕ್ಷನ್‌ಗಳು ಅಂಟಿದ ಅಂಚಿಗೆ ಲಂಬವಾಗಿ ಓಡುವ ಗೆರೆ ಚಾಕುವಿನ ಮುಕ್ಕಿನದು. ಅಂಚಿಗೆ ಸಮಾನಾಂತರವಾಗಿ ತಿಳಿ-ಗಾಢ ಅಲೆಗಳಿದ್ದರೆ ನಡುಕ. ಬ್ಲಾಕ್ ಸಡಿಲವಿದೆ, ರೆಸಿನ್ ಮೆತ್ತಗಿದೆ, ಇಲ್ಲವೇ ವೇಗ ಹೆಚ್ಚಾಗಿದೆ. ಕ್ಯೂಟಿಕಲ್‌ನ ಉದ್ದ ಸೆಕ್ಷನ್‌ನಲ್ಲಿ ಈ ಅಲೆಗಳು ಅದರ ಸಹಜ ಉಂಗುರಗಳಂತೆ ಕಂಡು ಮೋಸ ಮಾಡುತ್ತವೆ. ಅಲೆ ಹುಳು ದಾಟಿ ಖಾಲಿ ರೆಸಿನ್‌ಗೂ ಹೋಗಿದೆಯೇ ನೋಡಿ, ಮುಗಿಯಿತು.

ನನಗೆ ಹೆಚ್ಚು ಇಷ್ಟದ ಒಗಟು ಮೊಟ್ಟೆಯಾಕಾರದ ಹುಳು. ದುಂಡಗಿರಬೇಕಾದ ಅಡ್ಡ ಸೆಕ್ಷನ್ ಚಪ್ಪಟೆಯಾಗಿದೆ. ಎರಡು ಕಾರಣ ಇರಬಹುದು: ಚಾಕು ಒತ್ತಿ ಕುಗ್ಗಿಸಿದೆ, ಇಲ್ಲವೇ ನೀವು ಹುಳುವನ್ನು ಓರೆಯಾಗಿ ಕತ್ತರಿಸಿದ್ದೀರಿ. ಬ್ಲಾಕನ್ನು 90 ಡಿಗ್ರಿ ತಿರುಗಿಸಿ ಮತ್ತೆ ಕತ್ತರಿಸಿ. ಚಪ್ಪಟೆಯಾದ ದಿಕ್ಕು ಹುಳುವಿನ ಮೇಲೆ ಜಾಗ ಬದಲಿಸಿದರೆ ಕುಗ್ಗುವಿಕೆ, ಬದಲಿಸದಿದ್ದರೆ ಓರೆ.

ಓರೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 30 ಡಿಗ್ರಿ ಓರೆಯಾದರೆ ಉದ್ದನೆಯ ಅಕ್ಷದ ತುದಿಗಳಲ್ಲಿ ಕ್ಯೂಟಿಕಲ್ ಸುಮಾರು 15% ಹೆಚ್ಚು ದಪ್ಪ ಕಾಣುತ್ತದೆ, 45 ಡಿಗ್ರಿಯಾದರೆ 41%. ಅದೇ ಹುಳುವಿನ ಉಳಿದೆರಡು ಮಗ್ಗುಲಲ್ಲಿ ದಪ್ಪ ಸರಿಯಾಗಿಯೇ ಇರುತ್ತದೆ. ಎರಡು ಪ್ರಭೇದಗಳ ಕ್ಯೂಟಿಕಲ್ ಹೋಲಿಸಿ 'ಇದರದು ದಪ್ಪ' ಎಂದು ಬರೆಯುವವರು ನಾಲ್ಕೂ ಮಗ್ಗುಲ ಅಳತೆ ಕೊಡದಿದ್ದರೆ ನಾನು ನಂಬುವುದಿಲ್ಲ. ಓರೆ ಹಿಡಿಯಲು ಇನ್ನೊಂದು ಸೂಕ್ಷ್ಮ ದಾರಿಯಿದೆ: ಆಂಫಿಡ್‌ನ ನರತುದಿಗಳೊಳಗಿನ ಮೈಕ್ರೋಟ್ಯೂಬ್ಯೂಲ್ ನೋಡಿ. ನೇರ ಅಡ್ಡ ಕತ್ತರಿಸಿದ್ದರೆ ಪುಟ್ಟ ಉಂಗುರಗಳಂತೆ ಕಾಣುತ್ತವೆ, ಓರೆಯಾಗಿದ್ದರೆ ಉಂಗುರ ಮಸುಕಾಗಿ ಗೀಚಿದಂತಿರುತ್ತದೆ.

ಕಪ್ಪು ಚುಕ್ಕೆಗಳು

ದುಂಡನೆಯ ಕಡುಗಪ್ಪು ಕಣಗಳು ಎಲ್ಲೆಡೆ ಉದುರಿದ್ದರೆ ಲೆಡ್ ಕಾರ್ಬೊನೇಟ್. ಸೆಕ್ಷನ್‌ಗೆ ಗಾಢತೆ ಕೊಡಲು (ಸ್ಟೇನ್ ಮಾಡಲು) ಬಳಸುವ ಲೆಡ್ ಸಿಟ್ರೇಟ್ ಹನಿಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿದರೆ ಸಾಕು, ಬಗ್ಗಿ ನೋಡುವವರ ಉಸಿರೇ ಸಾಕು. ಪೆಟ್ರಿ ತಟ್ಟೆಯೊಳಗೆ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನಿಟ್ಟು ಮುಚ್ಚಿ ಸ್ಟೇನ್ ಮಾಡಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ಸೂಜಿಯಂಥ ಹರಳುಗಳಾದರೆ ಯುರೇನೈಲ್ ಅಸಿಟೇಟ್‌ನವು. ಬೆಳಕಿನಲ್ಲಿಟ್ಟ ಹಳೆಯ ದ್ರಾವಣ ಚೆಲ್ಲಿ. ಅನುಮಾನವಿದ್ದರೆ ಸ್ಟೇನ್ ಮಾಡದ ಪಕ್ಕದ ಸೆಕ್ಷನ್ ನೋಡಿ, ಕೊಳೆಯಾದರೆ ಅಲ್ಲಿ ಇರುವುದಿಲ್ಲ.

'ಇಲ್ಲ' ಎನ್ನುವ ಮುನ್ನ

ಇಲ್ಲದ್ದು ಇದ್ದಂತೆ ಕಾಣುವುದಕ್ಕಿಂತ ಇದ್ದದ್ದು ಕಾಣದಿರುವುದು ಹೆಚ್ಚು ಅಪಾಯ. ಉದಾಹರಣೆಗೆ ವೀರ್ಯಕೋಶ. ನೆಮಟೋಡ್‌ಗಳ ವೀರ್ಯಕೋಶಕ್ಕೆ ಬಾಲವಿಲ್ಲ, ಅಮೀಬಾದಂತೆ ತೆವಳುತ್ತದೆ. ಬಲಿತ ವೀರ್ಯಕೋಶದಲ್ಲಿ ಹೆಚ್ಚಿನ ನೆಮಟೋಡ್‌ಗಳಿಗೆ ನ್ಯೂಕ್ಲಿಯಸ್‌ನ ಸುತ್ತ ಪೊರೆ ಇರುವುದಿಲ್ಲ, ಎನಾಪ್ಲಿಡ್ ಎಂಬ ಗುಂಪಿನಲ್ಲಿ ಇರುತ್ತದೆ. ವಂಶವೃಕ್ಷದ ಬುಡದ ಚರ್ಚೆಯಲ್ಲಿ ತೂಕವಿರುವ ಲಕ್ಷಣ ಇದು. ಈಗ ಯೋಚಿಸಿ: ಫಿಕ್ಸೇಷನ್ ಕೆಟ್ಟು ಪೊರೆ ಕರಗಿದ ಎನಾಪ್ಲಿಡ್ ಹುಳು ನಿಮ್ಮ ಕೋಷ್ಟಕದಲ್ಲಿ ಯಾವ ಸಾಲಿಗೆ ಹೋಗುತ್ತದೆ?

ಹೀಗಾಗಿ 'ಪೊರೆ ಇಲ್ಲ' ಎನ್ನಬೇಕಾದರೆ ಅದೇ ಸೆಕ್ಷನ್‌ನಲ್ಲಿ ಎರಡು ಸಾಕ್ಷಿ ಬೇಕು. ಪಕ್ಕದ ಅಂಡನಾಳದ ಅಥವಾ ಕರುಳಿನ ಕೋಶದಲ್ಲಿ ನ್ಯೂಕ್ಲಿಯಸ್‌ನ ಜೋಡಿ ಪೊರೆ ಎರಡು ಗೆರೆಯಾಗಿ ಸ್ಪಷ್ಟ ಕಾಣಬೇಕು. ಅದೇ ವೀರ್ಯಕೋಶದ ಬೇರೆ ಪೊರೆಗಳೂ, ಅದರ ಅಂಚಿನ ಪೊರೆಯೂ ಸೇರಿ, ಕಡಿಯದೆ ಇರಬೇಕು. ಎರಡೂ ಇದ್ದು ನ್ಯೂಕ್ಲಿಯಸ್ ಸುತ್ತ ಮಾತ್ರ ಇಲ್ಲದಿದ್ದರೆ ಧೈರ್ಯವಾಗಿ ಬರೆಯಿರಿ.

ಸರಣಿ ಸೆಕ್ಷನ್‌ನಲ್ಲಿ 'ಇಲ್ಲ' ಎನ್ನುವುದಕ್ಕೆ ಇನ್ನೊಂದು ಮುಖವಿದೆ. 1986ರಲ್ಲಿ ಪ್ರಕಟವಾದ ಸಿ. ಎಲೆಗಾನ್ಸ್ ನರಮಂಡಲದ ನಕ್ಷೆ, ಅದರ 302 ನರಕೋಶಗಳ ಲೆಕ್ಕ, ಸಾವಿರಾರು ಸೆಕ್ಷನ್‌ಗಳನ್ನು ಕಣ್ಣಿನಲ್ಲೇ ಹಿಂಬಾಲಿಸಿ ಮಾಡಿದ್ದು. ಒಂದು ಮಿಲಿಮೀಟರ್ ಹುಳುವನ್ನು 50 ನ್ಯಾನೋಮೀಟರ್‌ಗೆ ಕತ್ತರಿಸಿದರೆ 20,000 ತುಂಡು. ನಡುವೆ ಮೂರು ಕಳೆದರೆ 150 ನ್ಯಾನೋಮೀಟರ್ ಕತ್ತಲೆ, ಫ್ಯಾರಿಂಕ್ಸ್ ಸುತ್ತಲಿನ ನರಉಂಗುರದ ತೆಳ್ಳಗಿನ ಎಳೆಗಳು ಅಷ್ಟರಲ್ಲಿ ಅದಲುಬದಲಾಗಬಹುದು. 2013ರಲ್ಲಿ ಪ್ರಿಸ್ಟಿಯಾಂಕಸ್‌ನ ಫ್ಯಾರಿಂಕ್ಸ್ ನರಗಳನ್ನು ಸಿ. ಎಲೆಗಾನ್ಸ್‌ನ ಜೊತೆ ಹೋಲಿಸಿದಾಗ ಎರಡರಲ್ಲೂ ಅದೇ 20 ನರಕೋಶಗಳಿದ್ದವು. ಬದಲಾಗಿದ್ದದ್ದು ಅವುಗಳ ನಡುವಿನ ಕೊಂಡಿಗಳು. ಕೋಶ ಉಳಿದು ಕೊಂಡಿ ಬದಲಾಗುವ ಕಡೆ ಕಳೆದ ಸೆಕ್ಷನ್ ಒಂದು ಸುಳ್ಳು ವಿಕಾಸವನ್ನೇ ಸೃಷ್ಟಿಸಬಲ್ಲದು. ಕಳೆದ ಸೆಕ್ಷನ್‌ಗಳ ಸಂಖ್ಯೆಯನ್ನು ಚಿತ್ರದ ಜೊತೆಗೇ ದಾಖಲಿಸಿ. ಎಳೆ ಮುಗಿದದ್ದು ಸರಿಯಾಗಿ ಆ ಕತ್ತಲೆಯ ಜಾಗದಲ್ಲಾದರೆ ಅದು ಮುಗಿದಿಲ್ಲವೆಂದೇ ಹಿಡಿಯಿರಿ.

ಎಸ್ಇಎಮ್‌ನಲ್ಲಿ ಸುಕ್ಕು

ಎಸ್ಇಎಮ್ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ತೆಗೆಯುವ ಮೇಲ್ಮೈ ಚಿತ್ರಗಳಲ್ಲಿ ಹುಳು ಒಣಗಿದ ಮೆಣಸಿನಕಾಯಿಯಂತೆ ಸುರುಟಿದ್ದರೆ ನೀರು ತೆಗೆದದ್ದು ಅವಸರದಲ್ಲಿ. ಎಥನಾಲ್ ಹಂತಗಳನ್ನು ಹೆಚ್ಚಿಸಿ. ಕ್ರಿಟಿಕಲ್ ಪಾಯಿಂಟ್ ಡ್ರೈಯಿಂಗ್‌ನಲ್ಲಿ (ದ್ರವ-ಅನಿಲದ ಗಡಿ ಇಲ್ಲದಂತೆ ಒಣಗಿಸುವ ವಿಧಾನ) ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ, ಸುಮಾರು 74 ಬಾರ್ ದಾಟಿದ ಮೇಲೂ ಅನಿಲವನ್ನು ನಿಧಾನವಾಗಿ ಬಿಡಿ. ಮಗ್ಗುಲಲ್ಲಿ ಉದ್ದಕ್ಕೆ ಓಡುವ ಸುಕ್ಕು ಮಾತ್ರ ಜಾಗ್ರತೆ: ಅದು ಏಲೀ ಎಂಬ ನಿಜವಾದ ಏಣುಗಳಂತೆಯೇ ಕಾಣುತ್ತದೆ. ಸಿ. ಎಲೆಗಾನ್ಸ್ ವಯಸ್ಕ ಹುಳುವಿನಲ್ಲಿ ಅವು ಒಂದೊಂದು ಮಗ್ಗುಲಿಗೆ ಮೂರು. ನಿಮ್ಮ ಹುಳುವಿನಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ಆರು ಎಣಿಸಿದರೆ ಲೆಕ್ಕ ಬಿಟ್ಟು ಅಡ್ಡ ಸೆಕ್ಷನ್ ನೋಡಿ. ಏಣಿನಲ್ಲಿ ಕ್ಯೂಟಿಕಲ್‌ನ ಪದರಗಳೇ ಮೇಲೆದ್ದು ರೂಪ ಬದಲಿಸಿರುತ್ತವೆ. ಸುಕ್ಕಿನಲ್ಲಿ ಪದರಗಳು ಹಾಗೇ ಇದ್ದು ಒಟ್ಟಿಗೆ ಮಡಿಸಿರುತ್ತವೆ.

ನನ್ನ ಬಿಳಿ ಪಟ್ಟಿಯ ಹುಳುವನ್ನು ಮತ್ತೆ ಮೊದಲಿನಿಂದ ಮಾಡಿದೆ. ರೆಸಿನ್‌ಗೆ ಐದು ದಿನ ಕೊಟ್ಟೆ. ಪಟ್ಟಿ ಮಾಯವಾಯಿತು, ಕೋಷ್ಟಕದ ಕಾಲಂ ಅಳಿಸಿದೆ. ಮುಚ್ಚುವ ಮೊದಲು ತಲೆಯ ತುದಿಯ ಸೆಕ್ಷನ್ ಒಮ್ಮೆ ನೋಡಿದೆ. ತುಟಿಯ ಕ್ಯೂಟಿಕಲ್‌ನಲ್ಲಿ ಹೂತಂತೆ ಒಂದು ಕಪ್ಪು ಗುಂಡು. ಹಳೆಯ ಗ್ರಿಡ್‌ಗಳಲ್ಲೂ ಅದಿತ್ತು, ಲೆಡ್ ಕೊಳೆ ಅಂತ ದಾಟಿಕೊಂಡು ಹೋಗಿದ್ದೆ. ಹೊರಗಿನ ರೆಸಿನ್ ಸ್ವಚ್ಛವಾಗಿತ್ತು. ಪಕ್ಕದ ತುಟಿಗೆ ಸರಿಸಿದೆ, ಅಲ್ಲೂ ಒಂದು. ಮುಂದಿನದರಲ್ಲೂ ಒಂದು. ಆರನೆಯದು ಗ್ರಿಡ್‌ನ ಕಂಬಿಯ ಕೆಳಗೆ ಅರ್ಧ ಮರೆಯಾಗಿತ್ತು, ಮುಂದಿನ ಸೆಕ್ಷನ್‌ನಲ್ಲಿ ಅದೂ ಸಿಕ್ಕಿತು.